ಸದ್ದಿಲ್ಲದ ಗಾಡಿಗಳ ಊರಿನಲ್ಲಿ

ಗುಂಡ್ಲುಪೇಟೆ

ನೇಪಾಳಕ್ಕೆ ಹೋಗಬೇಕಾಗಿದ್ದವರು ನಾನಲ್ಲ, ನಮ್ಮ ಯಜಮಾನರು. ಪಶುಪತಿನಾಥನ ದರ್ಶನ ಮಾಡಬೇಕು, ಭಕ್ತಪುರದಲ್ಲಿ ನಮ್ಮ ಜಂಗಮರ ಹಳೆಯ ಮಠವೊಂದು ಇದೆಯಂತೆ, ಅದನ್ನೂ ನೋಡಬೇಕು ಎಂದು ನಮ್ಮ ಅತ್ತೆ ಗೌರಮ್ಮನವರು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದರು. ಕರೆದುಕೊಂಡು ಹೋಗುತ್ತೇನೆಂದು ಮಗ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ಸಕ್ಕರೆ ಕಾಯಿಲೆ ಯಜಮಾನರ ಕಣ್ಣಿಗೆ ಇಳಿಯಿತು. ಎಡಗಣ್ಣು ಪೂರ್ತಿ ಹೋಯಿತು. ಬಲಗಣ್ಣಿಗೆ ಎದುರಿಗಿರುವವರು ಮಂಜಿನೊಳಗೆ ನಿಂತ ಹಾಗೆ ಕಾಣುತ್ತಾರೆ, ಅಷ್ಟೆ. ಹೀಗಾಗಿ ಬೇಸಿಗೆ ರಜೆಯಲ್ಲಿ ಗುಂಡ್ಲುಪೇಟೆಯಿಂದ ಯಾತ್ರೆಗೆ ಹೊರಟ ಗುಂಪಿನಲ್ಲಿ ಅತ್ತೆಯ ಜೊತೆ ನಾನು ಸೇರಿಕೊಂಡೆ.

ನನ್ನ ಕೆಲಸವನ್ನೂ ಹೇಳಿಬಿಡುತ್ತೇನೆ. ನಾನು ಶಾಲೆಯ ವ್ಯಾನ್ ಓಡಿಸುತ್ತೇನೆ. ತೆರಕಣಾಂಬಿ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳನ್ನು ಬೆಳಿಗ್ಗೆ ಗುಂಡ್ಲುಪೇಟೆಯ ಶಾಲೆಗೆ ಕರೆತಂದು ಸಂಜೆ ವಾಪಸ್ ಬಿಡುವುದು. ಹದಿಮೂರು ವರ್ಷ ಇದು ಯಜಮಾನರ ಕೆಲಸವಾಗಿತ್ತು, ಎರಡು ವರ್ಷದಿಂದ ನನ್ನದು. ಬಲಗಣ್ಣು ಇನ್ನೂ ಅಷ್ಟಿಷ್ಟು ಕಾಣುತ್ತಿದ್ದಾಗ ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಅವರು ಮೈಲೇಜಿನ ಮನುಷ್ಯ. "ಆಕ್ಸಿಲರೇಟರ್ ಕೆಳ್ಗ ಅಪ್ಪಳ ಮಡಗವ್ರ ಅಂದ್ಕ. ಅದು ಮುರೀಬಾರ್ದು" ಎಂದೇ ಮೊದಲ ಪಾಠ ಮಾಡಿದ್ದರು.

ಈಗ ಸಂಜೆಯಾದರೆ ಜಗಲಿಯ ಮೇಲೆ ಕೂತು ವ್ಯಾನಿನ ಸದ್ದಿಗೆ ಕಾಯುತ್ತಾರೆ. ನಾನು ಮನೆ ಮುಂದೆ ನಿಲ್ಲಿಸಿ ಇಳಿಯುವಷ್ಟರಲ್ಲಿ, ಬೆಲ್ಟ್ ಸಡಿಲವಾಗಿದೆ, ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಬಂದಿದ್ದೀಯ ಎಂದು ಅವರ ವರದಿ ಸಿದ್ಧವಾಗಿರುತ್ತದೆ. ಅದು ಯಾವತ್ತೂ ತಪ್ಪಿದ್ದಿಲ್ಲ.

ಆ ವ್ಯಾನಿಗೆ ವಯಸ್ಸಾಗಿತ್ತು. ರಜೆ ಮುಗಿಯುವುದರೊಳಗೆ ಹೊಸ ಗಾಡಿ ನೋಡಿಕೊಳ್ಳಿ ಎಂದು ಶಾಲೆಯವರು ಹೇಳಿದ್ದರು. ಒಳ್ಳೆಯ ಮೈಲೇಜ್ ಕೊಡುವ ಡೀಸೆಲ್ ವ್ಯಾನ್ ತರಬೇಕೆಂದು ಯಜಮಾನರ ಆಸೆ. ನನಗೆ ಬ್ಯಾಟರಿ ವ್ಯಾನಿನ ಮೇಲೆ ಮನಸ್ಸು. ದಿನವೂ ಅದೇ ದಾರಿ, ಅಷ್ಟೇ ದೂರ. ರಾತ್ರಿಯೆಲ್ಲ ಮನೆ ಮುಂದೆ ಸುಮ್ಮನೆ ನಿಂತಿರುವ ಗಾಡಿಗೆ ಚಾರ್ಜ್ ಹಾಕಲು ಇದಕ್ಕಿಂತ ಅನುಕೂಲ ಇನ್ನೇನು ಬೇಕು ಎಂಬುದು ನನ್ನ ಲೆಕ್ಕ.

"ಡೀಸೆಲ್ ಗಾಡಿ ಕಾಯ್ಲ ಬಿದ್ರ ಕೆಮ್ತದ, ಕೂಗ್ಕತದ. ಸದ್ದೇ ಇಲ್ದಿರ ಗಾಡಿ ಕಾಯ್ಲ ಬಿದ್ರ ಯಾರ್ಗ ಏಳತ್ತು?" ಎಂದರು ಅವರು.

"ಸದ್ದಿಲ್ದೋದ್ರ ಕಾಯ್ಲನೂ ಕಮ್ಮಿ ಅಂತಾರ ಕಣ್ರೀ."

"ಅಂಗ್ ಅನ್ನೋರೆಲ್ಲ ಮಾರೋರೇಯ, ಬುಡು."

ಕಣ್ಣು ಹೋದ ಮೇಲೂ ಆ ವ್ಯಾನನ್ನು ಅವರು ಕಿವಿಯಿಂದ ಹಿಡಿದುಕೊಂಡಿದ್ದರು. ಅದನ್ನೂ ಬಿಡಿಸುವವಳು ನಾನಾಗಬೇಕೆ? ಏನೂ ತೀರ್ಮಾನವಾಗದೆ ನಾನು ಹೊರಟೆ.

ಕಠ್ಮಂಡು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅತ್ತೆಯ ಚೀಲದಿಂದ ಬಿಳಿಯ ಗಟ್ಟಿಗಳು ಹೊರಬಂದವು. ಅಲ್ಲಿದ್ದ ಅಧಿಕಾರಿ ಒಂದನ್ನು ಕೈಯಲ್ಲಿ ಹಿಡಿದು ಇದೇನೆಂದು ಹಿಂದಿಯಲ್ಲಿ ಕೇಳಿದರು. ನಾನು ಹಿಂದಿಯಲ್ಲಿ ವಿಭೂತಿಗೆ ಏನನ್ನುತ್ತಾರೆಂದು ಯೋಚಿಸುತ್ತಿರುವಾಗಲೇ ಅತ್ತೆ ಅದನ್ನು ಇಸಿದುಕೊಂಡು, ಬೆರಳಿಗೆ ತಿಕ್ಕಿ, ತಮ್ಮ ಹಣೆಗೆ ಮೂರು ಗೆರೆ ಎಳೆದು ತೋರಿಸಿದರು. ಆಮೇಲೆ ಆ ಅಧಿಕಾರಿಯ ಹಣೆಗೂ ಕೈ ಚಾಚಿದರು. ಅವರು ನಗುತ್ತಾ ಹಿಂದೆ ಸರಿದು ಚೀಲ ಕೊಟ್ಟುಬಿಟ್ಟರು.

ಕಠ್ಮಂಡುವಿನ ರಸ್ತೆಗಳಲ್ಲಿ ಮೋಟರ್ ಬೈಕುಗಳು ನಮ್ಮೂರ ಸಂತೆಯ ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ. ಅವುಗಳ ಗದ್ದಲವೇ ಗದ್ದಲ. ಆದರೆ ಆ ಗದ್ದಲದ ನಡುವೆ ಕಾರುಗಳೂ ವ್ಯಾನುಗಳೂ ಏನೂ ಸದ್ದು ಮಾಡದೆ ಪಕ್ಕದಲ್ಲೇ ಹಾದುಹೋಗುತ್ತಿದ್ದವು. ಎಣಿಸುತ್ತಾ ನಿಂತೆ, ಲೆಕ್ಕ ತಪ್ಪಿತು. ನಮ್ಮಲ್ಲಿ ಒಂದು ಬ್ಯಾಟರಿ ಕಾರು ಬಂದು ನಿಂತರೆ ನಾಲ್ಕು ಜನ ಸುತ್ತ ಸೇರಿ ಬಾನೆಟ್ ಬಗ್ಗಿ ನೋಡುತ್ತಾರೆ. ಇಲ್ಲಿ ಯಾರೂ ತಿರುಗಿ ಕೂಡ ನೋಡುವುದಿಲ್ಲ. ಪೆಟ್ರೋಲೆಲ್ಲ ಗಡಿಯಾಚೆಯಿಂದ ಟ್ಯಾಂಕರಿನಲ್ಲಿ ಬರಬೇಕು, ಕರೆಂಟಾದರೆ ತಮ್ಮ ಹೊಳೆಗಳದೇ ಎಂದು ಹೋಟೆಲಿನವರು ವಿವರಿಸಿದರು.

ಅತ್ತೆ ರಸ್ತೆ ದಾಟುವುದು ಕಿವಿಯಿಂದ. ಊರಿನಲ್ಲಿ ಲಾರಿ ಸದ್ದು ಕೇಳಿಸದಿದ್ದರೆ ಹೆಜ್ಜೆ ಇಟ್ಟುಬಿಡುತ್ತಾರೆ. ಇಲ್ಲೂ ಹಾಗೇ ಇಟ್ಟರು. ಒಂದು ಟ್ಯಾಕ್ಸಿ ಅವರ ಮೊಣಕಾಲಿನಿಂದ ಒಂದು ಮೊಳ ದೂರಕ್ಕೆ ಬಂದು ನಿಂತಿತು.

"ಇದ್ಯಾನಮ್ಮಿ, ಬೆಕ್ಕು ಬಂದಂಗ್ ಬತ್ತಲ್ಲ" ಎಂದರು ಅತ್ತೆ.

ನಮ್ಮಲ್ಲಾಗಿದ್ದರೆ ಡ್ರೈವರ್ ತಲೆ ಹೊರಗೆ ಹಾಕಿ ಮನೇಲಿ ಹೇಳಿ ಬಂದಿದ್ದೀಯಾ ಎಂದು ಕೇಳುತ್ತಿದ್ದ. ಆ ಟ್ಯಾಕ್ಸಿಯವನು ಇಳಿದು ಬಂದು ಕೈಮುಗಿದು, "ಆಮಾ" ಎಂದು, ಅವರ ಭಾಷೆಯಲ್ಲಿ ಅಮ್ಮ ಎಂದು ಕರೆದು, ಅವರ ತೋಳು ಹಿಡಿದು ಆಚೆ ದಡಕ್ಕೆ ಬಿಟ್ಟ. ಊಟವಾಯಿತೇ ಎಂದು ವಿಚಾರಿಸಿದ. ಗುರುತಿಲ್ಲದವರನ್ನೂ ಊಟವಾಯಿತೇ ಎಂದು ಕೇಳುವುದು ಅಲ್ಲಿಯ ರೂಢಿ. ಅತ್ತೆಗೆ ಆ ಊರು ಅಲ್ಲಿಂದಲೇ ಒಗ್ಗಿತು.

ಆ ಸಂಜೆ ಫೋನಿನಲ್ಲಿ ಯಜಮಾನರಿಗೆ ಇದನ್ನು ಹೇಳಿದೆ. "ನಾ ಏಳ್ನಿಲ್ವಾ?" ಎಂದರು. ಅವರ ಮಾತಿನಲ್ಲಿ ಹುರುಪಿತ್ತು.

ಭಕ್ತಪುರದ ಆಚೆ

ಭಕ್ತಪುರದ ಮಠವನ್ನು ನೋಡಿದೆವು. ಮರದ ಕೆತ್ತನೆಯ ಕಿಟಕಿಗಳ ಆ ಮನೆಯ ಹೊಸ್ತಿಲಲ್ಲಿ ಅತ್ತೆ ಬಹಳ ಹೊತ್ತು ಕೂತಿದ್ದರು. ಅಲ್ಲಿಂದ ಮೇಲಿನ ಗುಡ್ಡದ ಶಿವನ ಗುಡಿಗೆ ಹೋಗಲು ಗುಂಪಿಗೆ ಎರಡು ಬ್ಯಾಟರಿ ವ್ಯಾನ್ ಗೊತ್ತುಮಾಡಿದ್ದರು. ನಾನು ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ ಕೂತೆ.

ಗುಡ್ಡ ಹತ್ತುವಾಗ ಚಾರ್ಜ್ ಮೀಟರಿನ ಅಂಕಿ ಇಳಿಯುವುದನ್ನು ನೋಡಿ ನನಗೆ ಗಾಬರಿಯಾಯಿತು. ನಮ್ಮ ಡೀಸೆಲ್ ಮುಳ್ಳು ಯಾವತ್ತೂ ಇಷ್ಟು ಬೇಗ ಬಿದ್ದದ್ದಿಲ್ಲ. ಡ್ರೈವರ್ ಮಾತ್ರ ಹಾಡು ಗುನುಗುತ್ತಿದ್ದ. ಗುಡಿ ನೋಡಿ ಇಳಿಯತೊಡಗಿದಾಗ ಅವನು ಬ್ರೇಕಿಗೆ ಕಾಲೇ ಇಡಲಿಲ್ಲ. ಗಾಡಿ ತನ್ನಷ್ಟಕ್ಕೆ ತಾನೇ ತಡೆದುಕೊಂಡು ಇಳಿಯಿತು, ಅಂಕಿ ಒಂದೊಂದಾಗಿ ಏರಿತು. ನಲವತ್ತೊಂದಿದ್ದದ್ದು ಕೆಳಗೆ ಬರುವಾಗ ನಲವತ್ನಾಲ್ಕು.

ಇಷ್ಟು ಚೆನ್ನಾಗಿ ನಡೆದದ್ದು ಅಲ್ಲಿಯವರೆಗೆ. ಕಠ್ಮಂಡುವಿಗೆ ಹಿಂದಿರುಗುವ ಮೊದಲು ಇನ್ನೂ ಎರಡು ಗುಡಿ ಸುತ್ತಿ ಚಾರ್ಜ್ ಹಾಕಲು ಹೆದ್ದಾರಿಯ ಪಕ್ಕದ ಊಟದ ಮನೆಯೊಂದರ ಮುಂದೆ ನಿಂತರೆ, ಅಲ್ಲಿ ಕರೆಂಟ್ ಇಲ್ಲ. ಈಗ ಬರುತ್ತದೆ, ಆಗ ಬರುತ್ತದೆ ಎಂದು ಎರಡು ಗಂಟೆ ಕಾದೆವು. ಬೇರೆ ಯಾತ್ರಿಕರ ಡೀಸೆಲ್ ಬಸ್ಸೊಂದು ಹೊಗೆ ಬಿಡುತ್ತಾ ಹೋಯಿತು. ಅದರೊಳಗಿನವರು ನಮಗೆ ಕೈಬೀಸಿದರು. ಊಟದ ಮನೆಯ ಹೆಂಗಸು ಒಂದು ಬುಟ್ಟಿ ಅವಲಕ್ಕಿ ತಂದಿಟ್ಟರು. ಅಲ್ಲಿ ಅದನ್ನು ನೆನೆಸುವುದಿಲ್ಲ, ಒಣದನ್ನೇ ಅಗಿಯುತ್ತಾರೆ. ಅತ್ತೆ ಚಟ್ನಿಪುಡಿಯ ಡಬ್ಬಿ ತೆಗೆದು, ಒಂದಿಷ್ಟು ನೀರು ಚಿಮುಕಿಸಿ ಕಲಸಿ ಕೊಟ್ಟರು. ಆ ಹೆಂಗಸು ತಿಂದು ಕಣ್ಣಲ್ಲಿ ನೀರು ತಂದುಕೊಂಡು ಮತ್ತೆ ಕೈಚಾಚಿದರು.

ಇಳಿಜಾರಿನಲ್ಲಿ ಅಂಕಿ ಏರಿದ್ದು, ಕರೆಂಟಿಲ್ಲದೆ ಕಾದದ್ದು ಎರಡನ್ನೂ ಯಜಮಾನರಿಗೆ ಹೇಳಿದೆ. ಒಂದನ್ನೇ ಹೇಳುವುದು ಮೋಸವಾಗುತ್ತಿತ್ತು.

"ಇಳ್ಜಾರ್‌ನಲ್ಲಿ ಡೀಸೆಲ್ಲು ವಾಪಸ್ ಟ್ಯಾಂಕ್‌ಗ ಬಂದಂಗಾ?" ಎಂದು ಕೇಳಿದರು.

"ಊಂ ಕಣ್ರೀ. ಕಣ್ಣಾರ ಕಂಡಿ."

"ಎರಡ್ ಗಂಟ ರೋಡ್ ಬದೀಲಿ ಕುಂತಿದ್ನೂ ಕಂಡೆಯಲ್ಲ" ಎಂದರು ಆಮೇಲೆ.

ಪಶುಪತಿ

ಪಶುಪತಿನಾಥನ ಗುಡಿಯಲ್ಲಿ ಅತ್ತೆ ಮತ್ತು ನಾನು ಗುಂಪಿನಿಂದ ತಪ್ಪಿಹೋದೆವು. ತಪ್ಪು ಯಾರದೂ ಅಲ್ಲ. ಬಾಗಮತಿ ಹೊಳೆಯ ದಡದಲ್ಲಿ ಉರಿಯುತ್ತಿದ್ದ ಚಿತೆಯೊಂದರ ಎದುರು ಅತ್ತೆ ನಿಂತುಬಿಟ್ಟರು. ನಮ್ಮಲ್ಲಿ ಹೂಳುವುದು ವಾಡಿಕೆ, ಸುಡುವುದನ್ನು ಅವರು ಹತ್ತಿರದಿಂದ ನೋಡಿದವರಲ್ಲ. "ಗುರ್ತಿಲ್ದೋರಾದ್ರೂ ನಡುವೆ ಬುಟ್ಟೋಗದು ಸರಿಯಲ್ಲ ಕಣಮ್ಮಿ" ಎಂದರು. ನಾವು ಹೊರಗೆ ಬರುವಷ್ಟರಲ್ಲಿ ಎರಡೂ ವ್ಯಾನ್ ಹೊರಟುಹೋಗಿದ್ದವು. ಒಂದರಲ್ಲಿದ್ದವರು ನಾವು ಇನ್ನೊಂದರಲ್ಲಿದ್ದೇವೆ ಎಂದುಕೊಂಡಿದ್ದರು.

ನನ್ನ ಫೋನಿಗೆ ಅಲ್ಲಿಯ ಸಿಮ್ ಇರಲಿಲ್ಲ, ಹೋಟೆಲಿನ ವೈಫೈ ಮಾತ್ರ. ಹೋಟೆಲಿನ ಹೆಸರು ಬರೆದ ಚೀಟಿ ವ್ಯಾನಿನಲ್ಲಿದ್ದ ಚೀಲದಲ್ಲಿ ಉಳಿದಿತ್ತು. ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ರತ್ನಪಾರ್ಕಿನ ಆಸುಪಾಸು ಎಂಬುದಷ್ಟೇ ನೆನಪು.

ಆಗ ಎದುರಿಗೆ ಒಂದು ಮೂರು ಚಕ್ರದ ಟೆಂಪೊ ಬಂದು ನಿಂತಿತು. ಹಿಂಬದಿಯಿಂದ ಹತ್ತಿ ಎದುರುಬದುರಾಗಿ ಕೂರುವ, ನಮ್ಮ ಹಳೆಯ ಮಟಡೋರನ್ನು ಕುಗ್ಗಿಸಿದಂಥ ಗಾಡಿ. ಸ್ಟಿಯರಿಂಗ್ ಹಿಡಿದಿದ್ದವರು ಐವತ್ತರ ಆಸುಪಾಸಿನ ಹೆಂಗಸು.

"ಎಂಗುಸ್ರು ಓಡುಸ್ತಾವ್ರ. ಅತ್ತು" ಎಂದು ಅತ್ತೆ ನನಗಿಂತ ಮೊದಲೇ ಹತ್ತಿದರು.

ಆಕೆಯ ಹೆಸರು ಸಾನುಮಾಯಾ. ನನ್ನ ಟಿ.ವಿ. ಹಿಂದಿಯಲ್ಲಿ ಪಾಡು ಹೇಳಿಕೊಂಡೆ. ಗಾಬರಿ ಬೇಡ, ಜನರನ್ನು ಇಳಿಸಿ ಬ್ಯಾಟರಿ ಬದಲಿಸಲು ಶೆಡ್ಡಿಗೆ ಹೋಗಬೇಕು, ಅಲ್ಲಿಂದ ನಾನೇ ಬಿಡುತ್ತೇನೆ ಎಂದರು. ಬ್ಯಾಟರಿ ಎಂದಾಗಲೇ ನನಗೆ ಗೊತ್ತಾದದ್ದು ಅದು ಕರೆಂಟಿನ ಟೆಂಪೊ ಎಂದು. ನಮ್ಮ ಕಡೆ ನಾಳೆಯ ಮಾತಾಗಿರುವ ಗಾಡಿ ಇಲ್ಲಿ ಬಣ್ಣ ಸುಲಿದು, ಸೀಟು ಹರಿದು, ಮುದಿಯಾಗಿತ್ತು. ಸಾನುಮಾಯಾ ಹರೆಯದಿಂದ ಅದನ್ನೇ ಓಡಿಸುತ್ತಿದ್ದರಂತೆ. ಇಬ್ಬರು ಹೆಣ್ಣುಮಕ್ಕಳನ್ನು ಅದರಲ್ಲೇ ಓದಿಸಿದ್ದರಂತೆ.

ದಾರಿಯಲ್ಲಿ ಜನರೆಲ್ಲ ಇಳಿದ ಮೇಲೆ ಅವರು ತಮ್ಮ ಫೋನಿನಿಂದ ನನ್ನ ಫೋನಿಗೆ ನೆಟ್ ಕೊಟ್ಟರು. ಗುಂಪಿನ ಹಿರಿಯರು ಫೋನ್ ಎತ್ತಲಿಲ್ಲ. ಯಜಮಾನರು ಮೊದಲ ರಿಂಗಿಗೇ ಎತ್ತಿದರು.

"ಓಟ್ಲು ಎಸ್ರು ಮರ್ತೋಗದ ಕಣ್ರೀ."

ಅವರು ಹೋಟೆಲಿನ ಹೆಸರು, ಬೀದಿಯ ಹೆಸರು, ಎದುರಿಗಿರುವ ಔಷಧಿ ಅಂಗಡಿಯ ಹೆಸರು ಮೂರನ್ನೂ ತಡೆಯಿಲ್ಲದೆ ಹೇಳಿದರು. ಹೊರಡುವ ಮುಂಚೆ ಒಂದೇ ಒಂದು ಸಲ ಆ ಚೀಟಿಯನ್ನು ಅವರಿಗೆ ಓದಿ ಹೇಳಿದ್ದೆ. ಕಣ್ಣಿಲ್ಲದವರಿಗೆ ಚೀಟಿ ಎಲ್ಲಿಂದ ಬರಬೇಕು, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿರುತ್ತಾರೆ.

ಫೋನ್ ಇಡುವುದರಲ್ಲಿದ್ದೆ.

"ತಡಿ. ಅದ್ಯಾವ್ ಗಾಡೀಲಿ ಕುಂತಿದ್ದೀಯೆ?"

"ಕರೆಂಟ್ ಗಾಡಿ."

"ಸುಳ್ಳೇಳ್ಬ್ಯಾಡ. ಸದ್ದು ಬತ್ತಾ ಅದ."

ಆಗಷ್ಟೇ ನಾನು ಕಿವಿಗೊಟ್ಟೆ. ಮೋಟರಿನ ಗುಂಯ್ ಎಂಬ ಸಣ್ಣ ನಾದದ ಕೆಳಗೆ, ಹಿಟ್ಟಿನ ಗಿರಣಿಯ ಕಲ್ಲು ತಿರುಗಿದಂಥ ಗರಗರ ಸದ್ದೊಂದಿತ್ತು.

"ಫೋನ್ನ ಕೆಳ್ಗ ಇಡ್ಕ. ಹಿಂದ್ಗಡ ಚಕ್ರದ್ ತವು" ಎಂದರು. ಹಿಡಿದೆ. ಗಾಡಿ ಎಡಕ್ಕೆ ತಿರುಗಿತು, ಸದ್ದು ತಗ್ಗಿತು. ಮುಂದಿನ ಚೌಕದಲ್ಲಿ ಬಲಕ್ಕೆ ತಿರುಗಿತು, ಸದ್ದು ದಪ್ಪವಾಯಿತು. ಈಗ ಎತ್ತ ತಿರುಗಿದೆ ಎಂದು ಒಂದೊಂದು ಸಲವೂ ಕೇಳಿ ತಿಳಿದುಕೊಂಡರು.

"ಎಡಗಡ ಹಿಂದಿನ್ ಚಕ್ರದ್ ಬೇರಿಂಗ್ ಓಗದ. ಆವಮ್ಮುಂಗ್ ಏಳು, ಜೋರಾಗ್ ಓಡುಸ್ಬ್ಯಾಡಿ ಅಂತ."

ಬ್ಯಾಟರಿ ಶೆಡ್ಡು

ನಾನು ಹೇಳಿದ್ದನ್ನು ಕೇಳಿ ಸಾನುಮಾಯಾ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಬಹಳ ದಿನದಿಂದ ಆ ಸದ್ದು ಇದೆ ಎಂದರು. ಅದು ಮೋಟರಿನ ಸದ್ದು, ಈ ಗಾಡಿಯ ಆಯಸ್ಸು ಮುಗಿಯಿತು, ಗುಜರಿಗೆ ಹಾಕಿ ಎಂದು ಎಲ್ಲರೂ ಹೇಳಿದ್ದರಂತೆ. ಅವರು ಓಡಿಸುವ ಮಾರ್ಗಕ್ಕೆ ಹೊಸ ಬ್ಯಾಟರಿ ವ್ಯಾನುಗಳು ಬರುತ್ತಿದ್ದವು. ಹಳೆಯ ಟೆಂಪೊ ಒಮ್ಮೆ ನಿಂತರೆ ಮತ್ತೆ ಅವರಿಗೆ ಆ ಮಾರ್ಗ ಸಿಗುವಂತಿರಲಿಲ್ಲ. ಮುಂದಿನ ವಾರ ಮಾರುವುದೆಂದು ಅವರು ಮನಸ್ಸು ಗಟ್ಟಿಮಾಡಿಕೊಂಡಿದ್ದರು.

ಅಲ್ಲಿಂದ ಶೆಡ್ಡಿನವರೆಗೆ ಎತ್ತಿನ ಗಾಡಿಯಂತೆ ಹೋದೆವು. ಅದು ತಗಡಿನ ಚಾವಣಿಯ ದೊಡ್ಡ ಅಂಗಳ. ಆಸಿಡ್ಡಿನ ಹುಳಿ ವಾಸನೆ. ಸಾಲಾಗಿ ನಿಂತ ಟೆಂಪೊಗಳ ನಡುವೆ ಡ್ರೈವರುಗಳು ಮಣೆ ಹಾಕಿಕೊಂಡು ಚಹಾ ಕುಡಿಯುತ್ತಿದ್ದರು, ಹೆಚ್ಚಿನವರು ಹೆಂಗಸರೇ. ಒಬ್ಬರು ಸ್ವೆಟರ್ ಹೆಣೆಯುತ್ತಿದ್ದರು. ಸೀಟಿನ ಕೆಳಗಿನ ಖಾಲಿ ಬ್ಯಾಟರಿಗಳನ್ನು ತಳ್ಳುಗಾಡಿಯ ಮೇಲೆ ಎಳೆದುಕೊಂಡು, ತುಂಬಿದವನ್ನು ಒಳಗೆ ನೂಕುತ್ತಿದ್ದರು. ನಾವು ಹಿಂದೆ ಪ್ರಯಾಣದಲ್ಲಿ ಎತ್ತು ಬದಲಾಯಿಸುತ್ತಿದ್ದೆವಲ್ಲ, ಹಾಗೆ ಎಂದರು ಅತ್ತೆ.

ಶೆಡ್ಡಿನ ಮೇಸ್ತ್ರಿ ವಯಸ್ಸಾದವರು. ಇದು ಮೋಟರೇ ಎಂದು ಮೊದಲೇ ಹೇಳಿದ್ದವರಲ್ಲಿ ಅವರೂ ಒಬ್ಬರು. ಒಲ್ಲದ ಮನಸ್ಸಿನಿಂದ ಎಡ ಚಕ್ರದ ನಡುವಿಗೆ ಕೈ ಇಟ್ಟು, ಸುಟ್ಟುಕೊಂಡವರಂತೆ ಹಿಂದಕ್ಕೆ ಎಳೆದುಕೊಂಡರು. ಜಾಕ್ ಕೊಟ್ಟು ಎತ್ತಿ ಚಕ್ರವನ್ನು ಅಲುಗಿಸಿದರು. ಕಟಕಟ ಎಂದಿತು. ಬಲಗಡೆಯದನ್ನು ಅಲುಗಿಸಿದರು, ಅದು ಮಿಸುಕಲಿಲ್ಲ. ಮೇಸ್ತ್ರಿ ನನ್ನ ಮುಖ ನೋಡಿ, "ಗಾಡಿ ನೋಡಿದವರು ಎಲ್ಲಿದ್ದಾರೆ?" ಎಂದು ಕೇಳಿದರು.

"ನೋಡಲಿಲ್ಲ. ಕೇಳಿದರು. ಅವರಿಗೆ ಕಣ್ಣು ಕಾಣುವುದಿಲ್ಲ" ಎಂದೆ.

ಸಾನುಮಾಯಾ ಮಣೆಯ ಮೇಲೆ ಕೂತು ಶಾಲಿನ ಸೆರಗನ್ನು ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿ ಹಿಡಿದರು. ಅತ್ತೆ ಹೋಗಿ ಅವರ ಪಕ್ಕ ಕೂತು, "ಬುಡವ್ವ, ಅಳ್ಬ್ಯಾಡ. ಶಿವ ದೊಡ್ಡೋನು" ಎಂದರು. ಅವರು ನೇಪಾಳಿಯಲ್ಲಿ ಏನೋ ಹೇಳಿದರು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡುತ್ತಾ ಹೋದರು. ಸೊಸೆಯ ವಿಷಯ ಬಂತೆಂದು ಕಾಣುತ್ತದೆ, ಇಬ್ಬರೂ ಒಮ್ಮೆ ನನ್ನ ಕಡೆ ತಿರುಗಿ ನೋಡಿದರು.

ಆಮೇಲೆ ಸಾನುಮಾಯಾ ಫೋನ್ ಇಸಿದುಕೊಂಡು ಯಜಮಾನರಿಗೆ ನಮಸ್ಕಾರ ಹೇಳಿದರು. ನಮ್ಮವರ ಹಿಂದಿ ಲಾರಿ ಡ್ರೈವರುಗಳಿಂದ ಕಲಿತ ನಾಲ್ಕು ಮಾತು. "ಬೇರಿಂಗ್ ನಯಾ. ಗ್ರೀಸ್ ಅಚ್ಛಾ. ದೋನೋ ಸೈಡ್" ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಇಂಜಿನ್ನೇ ಇಲ್ಲದ ಗಾಡಿಯೊಂದು ತಮ್ಮ ಹತ್ತಿರ ಕಾಯಿಲೆ ಹೇಳಿಕೊಂಡದ್ದು ಅವರಿಗೆ ಎಷ್ಟು ಹಿತವಾಗಿತ್ತೆಂಬುದು ಆ ದನಿಯಲ್ಲೇ ಗೊತ್ತಾಗುತ್ತಿತ್ತು.

ಬೇರಿಂಗ್ ಬರುವವರೆಗೆ ಇನ್ನೊಬ್ಬರ ಟೆಂಪೊವನ್ನು ಅಂಗಳದಲ್ಲಿ ಓಡಿಸಿ ನೋಡಲು ನನಗೆ ಕೊಟ್ಟರು. ಗೇರಿಲ್ಲ. ಕೆಲಸವಿಲ್ಲದ ಎಡಗಾಲು ಕ್ಲಚ್ಚನ್ನು ಹುಡುಕುತ್ತಲೇ ಇತ್ತು. ಬಲಗಾಲನ್ನು ಮೆಲ್ಲಗೆ ಊರಿದೆ. ಗಾಡಿ ತಡಮಾಡದೆ, ಜಗ್ಗದೆ ಮುಂದಕ್ಕೆ ಹೋಯಿತು. ಎರಡು ಸುತ್ತು ಹೊಡೆದು ಇಳಿದಾಗ ಸ್ವೆಟರ್ ಹೆಣೆಯುತ್ತಿದ್ದಾಕೆ ತಲೆದೂಗಿದರು. ಆಮೇಲೆ ಮಾತಿನಂತೆ ಸಾನುಮಾಯಾ ನಮ್ಮನ್ನು ಹೋಟೆಲಿಗೆ ಬಿಟ್ಟರು.

ನಾವು ಆ ಊರು ಬಿಡುವ ದಿನ ಸಾನುಮಾಯಾ ಅವರಿಂದ ದನಿಯ ಸಂದೇಶ ಬಂತು. ಸದ್ದು ಹೋಯಿತು, ಮಾರಾಟವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ, ಆಮಾಗೆ ನಮಸ್ಕಾರ ಎಂದು. ಸದ್ಯಕ್ಕೆ ಎಂಬ ಮಾತನ್ನು ನಾನು ಗಮನಿಸಿದೆ. ಹೊಸ ವ್ಯಾನುಗಳು ಬರುವುದಂತೂ ನಿಂತಿರಲಿಲ್ಲ.

ಚಾಮರಾಜನಗರ

ಊರಿಗೆ ಬಂದ ಮೇಲೆ ಒಂದು ವಾರ ಗಾಡಿಯ ಸುದ್ದಿಯನ್ನು ನಾನು ಎತ್ತಲಿಲ್ಲ, ಯಜಮಾನರೂ ಎತ್ತಲಿಲ್ಲ. ಎಂಟನೆಯ ದಿನ ಅವರೇ, "ಚಾಮರಾಜನಗರದಲ್ಲಿ ಬ್ಯಾಟರಿ ವ್ಯಾನ್ ಟ್ರಯಲ್‌ಗ ಕೊಡ್ತಾರಂತ. ಓಗನ" ಎಂದರು.

ವ್ಯಾನಿನ ಕೆಲಸ ನನ್ನದಾದಂದಿನಿಂದ ಅವರು ನಾನು ಓಡಿಸುವ ಗಾಡಿಯಲ್ಲಿ ಕೂತವರಲ್ಲ. ಮೈಸೂರಿನ ಕಣ್ಣಿನ ಆಸ್ಪತ್ರೆಗೂ ಬಸ್ಸಿನಲ್ಲೇ ಹೋಗುತ್ತಿದ್ದರು. ನಾನು ಪಕ್ಕದಲ್ಲಿದ್ದರೆ ನಿನಗೆ ಕೈ ನಡುಗುತ್ತದೆ ಎಂದು ನೆಪ ಹೇಳುತ್ತಿದ್ದರು. ಆ ದಿನ ಶೋರೂಮಿನ ಮುಂದೆ ಬಾಗಿಲು ತಡವಿ ತೆಗೆದು, ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು. ಮಾರಾಟದ ಪ್ರತಿನಿಧಿ ಹಿಂದೆ ಕೂತರು. ನಾನು ಹರವೆಯ ದಾರಿ ಹಿಡಿದೆ.

ಊರು ದಾಟಿದ ಮೇಲೆ ಟೈರಿನ ಸದ್ದು, ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಅವರು ಕತ್ತು ಓರೆ ಮಾಡಿ ಕೂತಿದ್ದರು. ಒಂದು ಹಳೆಯ ಬಾವಿಯ ಹತ್ತಿರ ನಿಧಾನ ಮಾಡಿದಾಗ ಕಿಟಕಿಯ ಗಾಜು ಇಳಿಸಿದರು.

"ಗೀಜಗ ಅವ ಇಲ್ಲಿ" ಎಂದರು.

ಬಾವಿಯ ಮೇಲೆ ಬಾಗಿದ ಜಾಲಿಯಲ್ಲಿ ಗೂಡುಗಳು ತೂಗುತ್ತಿದ್ದವು.

"ಈ ರೋಡ್‌ನಲ್ಲಿ ಲೆಕ್ಕ ಇಲ್ದಷ್ಟ್ ಸಲ ಬಂದಿವ್ನಿ. ಒಂದಿನನೂ ಕೇಳಿರ್ನಿಲ್ಲ ಕಣೆ."

ಟ್ರಯಲ್ಲಿಗೆ ಇಷ್ಟು ಸಾಕು ಮೇಡಂ, ತಿರುಗಿಸಬಹುದು ಎಂದರು ಹಿಂದಿನಿಂದ ಪ್ರತಿನಿಧಿ. "ಇನ್ನೊಸಿ ಮುಂದುಕ್ ಓಗನ" ಎಂದರು ಯಜಮಾನರು. ಹರವೆಯವರೆಗೆ ಹೋಗಿ, ಎಳನೀರು ಕುಡಿದು ಬಂದೆವು.

ಶೋರೂಮಿನಲ್ಲಿ ಅವರು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಮಳೆಗಾಲದಲ್ಲಿ ನೀರು ನಿಂತ ರಸ್ತೆಯಲ್ಲಿ ಹೇಗೆ, ಕರೆಂಟ್ ಹೋದ ರಾತ್ರಿ ಏನು ಗತಿ, ಊಟಿ ಘಾಟಿಗೆ ಆಗುತ್ತದೆಯೇ. ಊಟಿಗೆ ಹೋಗಿ ಬರಲು ನಡುವೆ ಚಾರ್ಜ್ ಬೇಕಾಗುತ್ತದೆ ಎಂದು ಪ್ರತಿನಿಧಿ ಒಪ್ಪಿಕೊಂಡರು. ರಜೆಯಲ್ಲಿ ಊಟಿಗೆ ಸಿಗುತ್ತಿದ್ದ ಬಾಡಿಗೆಗಳು ಇನ್ನು ಕಡಿಮೆಯಾಗುತ್ತವೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಯಜಮಾನರು, "ಮಕ್ಳ್ ಗಾಡಿ ಅಲ್ವಾ, ಆಗ್ಲಿ ಬುಡಿ" ಎಂದರು.

ಪ್ರತಿನಿಧಿ ಫಾರಂ ತೆಗೆದರು. ನಾನು ನೀರು ಕುಡಿಯಲು ಎದ್ದು ಆಚೆ ಗೋಡೆಯ ಹತ್ತಿರ ಹೋಗಿದ್ದೆ.

"ಸರ್, ಓನರ್ ಹೆಸರು?"

"ಓಡ್ಸೋರ್ ಎಸ್ರ ಬರ್ಕಳಿ" ಎಂದು ಯಜಮಾನರು ನಾನು ಬಿಟ್ಟು ಬಂದಿದ್ದ ಖಾಲಿ ಕುರ್ಚಿಯ ಕಡೆಗೆ ಕೈ ತೋರಿಸಿದರು.

ನಾನು ಲೋಟ ಕೆಳಗಿಟ್ಟು, ಹೋಗಿ ಆ ಕುರ್ಚಿಯಲ್ಲಿ ಕೂತೆ.